ಮನೆಯಂಗಳಕ್ಕೊಂದು ಸಹಜ ತೋಟ: 30x40 ನಿವೇಶನದಿಂದ ಮಲೆನಾಡಿನ ಹಿತ್ತಿಲವರೆಗೆ

ಗೃಹಪ್ರವೇಶಕ್ಕೆ ಒಂದು ವಾರ ಉಳಿದಿರುವಾಗ ನರ್ಸರಿಯಿಂದ ಟೆಂಪೊ ತುಂಬ ಗಿಡ ತರಿಸುವುದು ನಮ್ಮ ನಗರಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಗೇಟಿನ ಎರಡೂ ಬದಿಗೆ ಒಂದೊಂದು ಫಾಕ್ಸ್‌ಟೇಲ್ ಪಾಮ್, ಕಾಂಪೌಂಡಿನುದ್ದಕ್ಕೂ ಹಳದಿ ಡುರಾಂಟದ ಬೇಲಿ, ನಡುವೆ ಚಾಪೆಗಟ್ಟಲೆ ಹಾಸಿದ ಮೆಕ್ಸಿಕನ್ ಹುಲ್ಲು, ಮೂಲೆಯಲ್ಲಿ ಬಿಳಿ ಬೆಣಚುಕಲ್ಲು. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್ ಬರುವ ಹೊತ್ತಿಗೆ ಹುಲ್ಲು ಹಳದಿಗೆ ತಿರುಗಿ, ಟ್ಯಾಂಕರ್ ನೀರು ತರಿಸಬೇಕಾಗುತ್ತದೆ. ಇಲ್ಲಿ ಗಿಡಗಳದ್ದೇನೂ ತಪ್ಪಿಲ್ಲ. ಕೊನೆಗೆ ಆಗಬೇಕಿದ್ದ ಕೆಲಸ ಮೊದಲು ಆಗಿದೆ, ಅಷ್ಟೇ.

ಸಹಜವಾಗಿ ಕಾಣುವ ತೋಟಕ್ಕೆ ಬಿಸಿಲು, ಮಣ್ಣು, ನೀರು ಈ ಮೂರರ ಲೆಕ್ಕ ಮೊದಲು ಮುಗಿಯಬೇಕು. ಗಿಡದ ಆಯ್ಕೆ ಆಮೇಲಿನದು. ಆಗಲೂ ಹತ್ತಾರು ಬಗೆಯ ಗಿಡ ಬೇಡ, ಕೆಲವೇ ಗಿಡಗಳು ಮತ್ತೆ ಮತ್ತೆ ಬರಬೇಕು. ಈ ಕ್ರಮ ತಪ್ಪದಿದ್ದರೆ 3 ಅಡಿ ಅಗಲದ ಓಣಿಯಂಥ ಜಾಗದಲ್ಲೂ ಸಹಜ ತೋಟ ಸಾಧ್ಯ. ತಪ್ಪಿದರೆ ಅರ್ಧ ಎಕರೆಯಿದ್ದರೂ ಅದು ನರ್ಸರಿಯ ಪ್ರದರ್ಶನದಂತೆಯೇ ಕಾಣುತ್ತದೆ.

ಬಿಸಿಲನ್ನು ಬರೆದುಕೊಳ್ಳಿ

ಒಂದು ಹಾಳೆಯ ಮೇಲೆ ಮನೆ, ಕಾಂಪೌಂಡು, ಸಂಪು, ಒಳಚರಂಡಿಯ ಪೈಪು, ಪಕ್ಕದ ಮನೆಯ ಗೋಡೆ ಎಲ್ಲವನ್ನೂ ಅಳತೆಗೆ ತಕ್ಕಂತೆ ಗುರುತಿಸಿ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಬಿಸಿಲು ಎಲ್ಲೆಲ್ಲಿ ಬಿದ್ದಿದೆ ಎಂದು ಬಣ್ಣದ ಪೆನ್ಸಿಲಿನಿಂದ ತುಂಬಿ. ದಿನಕ್ಕೆ ಆರು ಗಂಟೆಗಿಂತ ಹೆಚ್ಚು ನೇರ ಬಿಸಿಲು ಬೀಳುವ ಜಾಗ ಪೂರ್ಣ ಬಿಸಿಲಿನದು. ಮೂರರಿಂದ ಆರು ಗಂಟೆಯದು ಅರೆನೆರಳು. ಅದಕ್ಕೂ ಕಡಿಮೆಯಾದರೆ ನೆರಳು.

ಒಂದೇ ದಿನ ನೋಡಿ ನಿರ್ಧರಿಸಬೇಡಿ. ಬೆಂಗಳೂರು, ಮಂಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಶಾಲಾ ಮಕ್ಕಳು ಅಂಗಳದಲ್ಲಿ ಕಂಬ ನೆಟ್ಟು ನೋಡುವ ಶೂನ್ಯ ನೆರಳಿನ ದಿನಗಳಿವು. ಈ ಎರಡು ದಿನಗಳ ನಡುವೆ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ತಣ್ಣಗಿದ್ದ ಉತ್ತರದ ಗೋಡೆಯ ಬದಿಗೆ ಮೇ ತಿಂಗಳಲ್ಲಿ ನೇರ ಬಿಸಿಲು ಬಂದು, ಅಲ್ಲಿ ಇಟ್ಟ ಜರೀಗಿಡಗಳು ಸುಟ್ಟು ಕಂದುವುದು ಇದರಿಂದಲೇ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ: 20 ಅಡಿ ಎತ್ತರದ ಮನೆಯ ನೆರಳು ನಡುಹಗಲಿನಲ್ಲೂ ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ. ಪಶ್ಚಿಮದ ಬಿಸಿಲು ಎಲ್ಲಕ್ಕಿಂತ ಕಠಿಣ. ಆ ದಿಕ್ಕಿನಲ್ಲಿ ಏನಾದರೂ ಎತ್ತರದ್ದು ಬೇಕು. ಮರಕ್ಕೆ ಜಾಗವಿಲ್ಲದಿದ್ದರೆ ತಂತಿಗೆ ಹಬ್ಬಿಸಿದ ಬಳ್ಳಿಯಾದರೂ ಆದೀತು.

ಮಣ್ಣು ನಿಜವಾಗಿ ಮಣ್ಣೇ?

ಕಟ್ಟಡದ ಕೆಲಸ ಮುಗಿದ ನಿವೇಶನದ ಮೇಲಿನ ಒಂದಡಿಯಲ್ಲಿ ಜಲ್ಲಿ, ಗಾರೆ, ಟೈಲ್ಸ್ ಚೂರು, ಪುಟ್ಟಿಯ ಪುಡಿ ಇರುತ್ತವೆ. ಅದರ ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹರಡಿ ಗಾರ್ಡನ್ ಸಿದ್ಧ ಎಂದು ಕೈತೊಳೆದುಕೊಳ್ಳುವ ಗುತ್ತಿಗೆದಾರರು ಬೇಕಾದಷ್ಟಿದ್ದಾರೆ. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರೀಯಗೊಳಿಸುತ್ತದೆ. ಆಮ್ಲೀಯ ಮಣ್ಣು ಬಯಸುವ ಕೇಪಳವನ್ನು ಅಂಥಲ್ಲಿ ನೆಟ್ಟರೆ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಎಷ್ಟು ಗೊಬ್ಬರ ಸುರಿದರೂ ಪ್ರಯೋಜನವಿಲ್ಲ. ಆದ್ದರಿಂದ ನೆಡುವ ಪಾತಿಯಲ್ಲಿ ಕನಿಷ್ಠ ಒಂದೂವರೆ ಅಡಿ ಅಗೆದು ಕಟ್ಟಡದ ಕಸವನ್ನೆಲ್ಲ ತೆಗೆಸಿ. ಈ ಯೋಜನೆಯಲ್ಲಿ ಹಣ ಸುರಿಯಲು ಯೋಗ್ಯವಾದ ಕೆಲಸ ಇದೊಂದೇ ಎಂದರೂ ತಪ್ಪಿಲ್ಲ.

ನಂತರ ನೀರು ಇಂಗುವ ಪರೀಕ್ಷೆ. ಒಂದಡಿ ಉದ್ದಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಒಂದು ಅಂಗುಲಕ್ಕಿಂತ ಕಡಿಮೆ ಇಳಿದರೆ ಅಲ್ಲಿ ಬೇರು ಕೊಳೆಯುವ ಸಾಧ್ಯತೆ ಹೆಚ್ಚು. ಪಾತಿಯನ್ನು ಎತ್ತರಿಸಬೇಕು, ಇಲ್ಲವೇ ಕೆಸು, ಕಾಬಾಳೆಯಂಥ ತೇವ ಬಯಸುವ ಗಿಡಗಳಿಗೆ ಆ ಜಾಗ ಬಿಟ್ಟುಕೊಡಬೇಕು. ಎರಡನೆಯದೇ ಜಾಣತನ.

ನೀರಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 97,000 ಲೀಟರ್ ಬೀಳುತ್ತದೆ. ಆವಿ, ಸೋರಿಕೆ ಕಳೆದರೂ 75,000 ಲೀಟರಿಗೆ ಮೋಸವಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೂ ವಾಹನ ತೊಳೆಯಲಿಕ್ಕೂ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಅಂಥ ಬೇಸಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತೋಟ ಯೋಜಿಸಬೇಕು.

ಸಂಪು ತುಂಬಿ ಹೆಚ್ಚಾದ ಮಳೆನೀರು ಚರಂಡಿಗೆ ಓಡುವ ಮೊದಲು ತೋಟದ ತಗ್ಗಿನಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಅಡಿಪಾಯದಿಂದ ದೂರದ ಮೂಲೆಯಲ್ಲಿ ಅರ್ಧ ಅಡಿ ಆಳದ, ಅಂಚುಗಳು ಇಳಿಜಾರಾದ ತಗ್ಗು ಸಾಕು. ಒಂದು ದಿನದೊಳಗೆ ಇಂಗಬೇಕು, ಇಲ್ಲದಿದ್ದರೆ ಕೆಳಗೆ ಇಂಗುಗುಂಡಿ ತೋಡಿಸಿ. ಈ ತಗ್ಗಿನ ಸುತ್ತ ಲಾವಂಚ, ಕೆಸು, ಒಂದೆಲಗ ನೆಟ್ಟರೆ ನಿಮ್ಮ ತೋಟದ ಅತ್ಯಂತ ಸಹಜವಾದ ಮೂಲೆ ಅದೇ ಆಗುತ್ತದೆ. ಬಟ್ಟೆ ಜಾಲಿಸಿದ ನೀರನ್ನು ಬಾಳೆ, ಕಾಬಾಳೆಯ ಬುಡಕ್ಕೆ ತಿರುಗಿಸುವುದು ನಮ್ಮ ಹಿತ್ತಿಲುಗಳ ಹಳೆಯ ಕ್ರಮ. ಅದನ್ನು ಬಿಡಲು ಕಾರಣವಿಲ್ಲ.

ಪದರ ಮತ್ತು ಪುನರಾವರ್ತನೆ

ಹಳ್ಳಿಯ ದಾರಿಯಲ್ಲಿ ಯಾರೂ ಆರೈಕೆ ಮಾಡದ ಹಳೆಯ ಬೇಲಿಸಾಲನ್ನು ಗಮನಿಸಿ. ಒಂದು ಹೊಂಗೆ, ಅದರ ಕೆಳಗೆ ಲಕ್ಕಿ ಮತ್ತು ಆಡುಸೋಗೆ, ಅವುಗಳ ಮೇಲೆ ಅಮೃತಬಳ್ಳಿ, ಬುಡದಲ್ಲಿ ತುಂಬೆ, ಗರಿಕೆ. ನೂರಾರು ಅಡಿ ಉದ್ದಕ್ಕೂ ಇವೇ ಐದಾರು ಗಿಡಗಳು, ಆದರೆ ಎಲ್ಲಿಯೂ ಬೇಸರವಾಗುವುದಿಲ್ಲ. ಅಂತರ ಒಂದೇ ಸಮನಾಗಿರುವುದಿಲ್ಲ. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಸಡಿಲವಾಗಿ. ಮನೆಯ ತೋಟಕ್ಕೆ ಇದಕ್ಕಿಂತ ಉತ್ತಮ ಪಾಠವನ್ನು ನಾನು ಕಂಡಿಲ್ಲ.

200 ಚದರ ಅಡಿ ಜಾಗಕ್ಕೆ ಏಳೆಂಟು ಜಾತಿ ಸಾಕು. ಅದರಲ್ಲಿ ಒಂದು ಸಣ್ಣ ಮರ, ಎರಡು ಅಥವಾ ಮೂರು ಪೊದೆ, ಮಿಕ್ಕಿದ್ದು ಮೊಣಕಾಲೆತ್ತರದವು ಮತ್ತು ನೆಲಕ್ಕೆ ಹಬ್ಬುವವು. ಪ್ರತಿ ಜಾತಿಯನ್ನೂ ಮೂರು, ಐದು, ಏಳರ ಗುಂಪಿನಲ್ಲಿ ನೆಡಿ. ಆಮೇಲೆ ಅದೇ ಜಾತಿಯ ಒಂದು ಗಿಡವನ್ನು ಗುಂಪಿನಿಂದ ನಾಲ್ಕಡಿ ದೂರದಲ್ಲಿ ಒಂಟಿಯಾಗಿ ನೆಡಿ. ಬೀಜ ಸಿಡಿದು ತಾನೇ ಹುಟ್ಟಿದಂತೆ ಕಾಣುವುದು ಈ ಒಂಟಿ ಗಿಡದಿಂದ. ಎತ್ತರದ್ದೆಲ್ಲ ಹಿಂದೆ, ಗಿಡ್ಡದ್ದೆಲ್ಲ ಮುಂದೆ ಎಂಬ ನಿಯಮ ಶಾಲೆಯ ಗುಂಪು ಚಿತ್ರಕ್ಕೆ ಸರಿ. ಮಜ್ಜಿಗೆ ಹುಲ್ಲಿನಂಥ, ಆಚೆಗಿನದು ಕಾಣಿಸುವ ಗಿಡವೊಂದು ದಾರಿಯ ಅಂಚಿಗೇ ಬರಲಿ. ಅದರ ಸಂದಿಯಿಂದ ನೋಡಿದಾಗ ಹಿಂದಿನ ಜಾಗ ದೊಡ್ಡದಾಗಿ ತೋರುತ್ತದೆ.

ಹೂವಿನ ಬಣ್ಣಕ್ಕಿಂತ ಎಲೆಯ ಆಕಾರದ ಮೇಲೆ ಹೆಚ್ಚು ಗಮನ ಕೊಡಿ. ಹೂವು ಕೆಲವು ವಾರ, ಎಲೆ ವರ್ಷವಿಡೀ. ಕೆಸುವಿನ ಅಗಲ ಎಲೆಯ ಪಕ್ಕದಲ್ಲಿ ಜರೀಗಿಡ, ಅದರ ಪಕ್ಕದಲ್ಲಿ ಲಾವಂಚದ ಗೀರು: ಮೂರೂ ಹಸಿರೇ, ಆದರೂ ಕಣ್ಣು ಅಲ್ಲಿ ನಿಲ್ಲುತ್ತದೆ. ಅರಿಶಿನ ಬೇಸಿಗೆಯಲ್ಲಿ ಒಣಗಿ ಮಾಯವಾಗಿ ಮಳೆಯೊಂದಿಗೆ ಮತ್ತೆ ಚಿಗುರುತ್ತದೆ. ಅದು ಮಾಯವಾದ ಜಾಗವನ್ನು ತುಂಬಲು ಆತುರಪಡಬೇಡಿ.

ದಾರಿ ಬಳುಕಬೇಕಾದರೆ ಅದಕ್ಕೊಂದು ಕಾರಣ ಕಾಣಬೇಕು. ಮರವೋ ಬಂಡೆಯೋ ಅಡ್ಡ ಬಂದು ದಾರಿ ಸುತ್ತಿದರೆ ಸಹಜ. ಬರೀ ಹಾವಿನಂತೆ ಬಳುಕಿದರೆ ಮಕ್ಕಳ ಉದ್ಯಾನವನದ ಸಿಮೆಂಟು ದಾರಿ. ಕಲ್ಲು ಇಡುವುದಾದರೆ ಮೂರನೇ ಒಂದು ಭಾಗ ಮಣ್ಣಿನಲ್ಲಿ ಹೂತಿರಲಿ, ಅಗಲದ ಬದಿ ಕೆಳಕ್ಕಿರಲಿ. ಒಂದೇ ಗಾತ್ರದ ಕಲ್ಲುಗಳ ಸಾಲು ಬೇಡ. ಇನ್ನು ಬಿಳಿ ಬೆಣಚುಕಲ್ಲಿನ ಬಗ್ಗೆ ನನ್ನ ಅಭಿಪ್ರಾಯ ಈಗಾಗಲೇ ಗೊತ್ತಾಗಿರಬೇಕು.

ದೇಶೀ ಗಿಡವೇ ಆಗಬೇಕೆಂಬ ವ್ರತ ಬೇಡ. ನಮ್ಮಲ್ಲಿ ಮೆಣಸಿನಕಾಯಿ, ಪೇರಲ ಎಲ್ಲವೂ ಹೊರಗಿನಿಂದ ಬಂದವೇ. ಆದರೆ ನೆಟ್ಟವರ ಕೈಮೀರಿ ಹಬ್ಬುವವನ್ನು ದೂರವಿಡಿ: ಲಂಟಾನ, ನೆಲಹೊದಿಕೆಯೆಂದು ಮಾರುವ ಹಳದಿ ಹೂವಿನ ಸಿಂಗಾಪುರ ಡೈಸಿ. ಬೇಗ ಬೆಳೆಯುವ ಬೇಲಿಯೆಂದು ಬಡಾವಣೆಗಳಿಗೆ ಬಂದಿರುವ ಕಾನೋಕಾರ್ಪಸ್ ಗಿಡವನ್ನು ಗುಜರಾತ್ 2023ರಲ್ಲಿ ನಿಷೇಧಿಸಿದೆ.

30x40ರ ಮನೆ

ಸುತ್ತ ಮೂರರಿಂದ ಐದು ಅಡಿ ಬಿಟ್ಟು ಕಟ್ಟಿದ ಮನೆಯಲ್ಲಿ ತೋಟವೆಂದರೆ ಉದ್ದನೆಯ ಪಟ್ಟಿ. ಇಡೀ ಪಟ್ಟಿಗೆ ಟೈಲ್ಸ್ ಹಾಕಿಸಿ ಅಂಚಿನಲ್ಲಿ ಕುಂಡ ಜೋಡಿಸುವ ಬದಲು ಎರಡೋ ಮೂರೋ ಕಡೆ ನೆಲ ಬಿಡಿಸಿಕೊಳ್ಳಿ. ಮುಂದಿನ ಮೂಲೆಯಲ್ಲಿ ಒಂದೇ ಒಂದು ಸಣ್ಣ ಮರ: ಪಾರಿಜಾತ, ಬಸವನಪಾದ, ದಾಳಿಂಬೆ, ಕರಿಬೇವು ಇವುಗಳಲ್ಲಿ ಯಾವುದಾದರೂ. ಸಂಪಿಗೆಯ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಅದು ದೊಡ್ಡ ಮರ. ಆಲ, ಅರಳಿ, ಗೋಣಿ ಜಾತಿಯವನ್ನು ಮನೆಯ ಬಳಿ ಕುಂಡದಲ್ಲೂ ಇಡಬೇಡಿ. ಒಡೆದ ಕುಂಡದಿಂದ ಸಂಪಿನ ಗೋಡೆಗೆ ಬೇರು ಹೋಗಲು ಹೆಚ್ಚು ವರ್ಷ ಬೇಕಿಲ್ಲ.

ಮನೆ ಮತ್ತು ಕಾಂಪೌಂಡಿನ ನಡುವಿನ ನೆರಳಿನ ಓಣಿಗೆ ಹಿಪ್ಪಲಿ ಅತ್ಯುತ್ತಮ. ಬಿಸಿಲಿಲ್ಲದ ಕಡೆ ದಟ್ಟವಾಗಿ ನೆಲ ಮುಚ್ಚುತ್ತದೆ, ಕಷಾಯಕ್ಕೂ ಆಗುತ್ತದೆ. ನಡುನಡುವೆ ಜರೀಗಿಡ, ಕೂವೆ, ಗೋಡೆಗೆ ವೀಳ್ಯದೆಲೆ. ಬೆಳಕು ಸ್ವಲ್ಪ ಹೆಚ್ಚಿದ್ದರೆ ಕನಕಾಂಬರ. ಕಾಂಪೌಂಡಿನ ಗೋಡೆ ಮರೆಯಾದಷ್ಟೂ ಜಾಗದ ಅಂತ್ಯ ತಿಳಿಯುವುದಿಲ್ಲ. ಪಕ್ಕದ ಮನೆಯವರಿಗೆ ಎಲೆ ಉದುರುವ ತಕರಾರು ಇದ್ದೇ ಇರುತ್ತದೆ. ಮರವನ್ನು ರಸ್ತೆಯ ಕಡೆಗೆ ನೆಟ್ಟರೆ ಅರ್ಧ ಜಗಳ ಕಡಿಮೆ.

ಬಾಲ್ಕನಿ

ಹತ್ತು ಸಣ್ಣ ಕುಂಡಗಳ ಬದಲು ಮೂರು ದೊಡ್ಡವು. ಸಣ್ಣ ಕುಂಡ ಮೇ ತಿಂಗಳಲ್ಲಿ ಅರ್ಧ ದಿನಕ್ಕೇ ಒಣಗುತ್ತದೆ. 18 ಅಂಗುಲದ ಒಂದರಲ್ಲಿ ನಿಂಬೆ ಅಥವಾ ಕರಿಬೇವು, ಅದರ ಬುಡದಲ್ಲೇ ಇಳಿಬೀಳುವ ದೊಡ್ಡಪತ್ರೆ, ಪಕ್ಕದಲ್ಲಿ ಮಜ್ಜಿಗೆ ಹುಲ್ಲು, ಕಂಬಿಗೆ ಶಂಖಪುಷ್ಪ. ಕುಂಡಗಳೆಲ್ಲ ಒಂದೇ ಬಣ್ಣದವಾಗಿದ್ದು ಒಂದಕ್ಕೊಂದು ತಾಗಿಕೊಂಡಿರಲಿ, ಆಗ ಎಲೆಗಳು ಬೆರೆತು ಒಂದೇ ಪೊದೆಯಾಗುತ್ತವೆ. ಕೆಳಗಿನ ಮನೆಯವರ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕದಂತೆ ತಟ್ಟೆ ಇಡಿ. ತಟ್ಟೆಯಲ್ಲಿ ನೀರು ನಿಲ್ಲದಂತೆ ಅದಕ್ಕೆ ಮರಳು ತುಂಬಿ.

ತಾರಸಿ

ಇಲ್ಲಿ ಸೌಂದರ್ಯಕ್ಕಿಂತ ಮೊದಲು ತೂಕದ ಮಾತು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಂತೆ ಲೆಕ್ಕಹಾಕುವ ಚರಭಾರ (ಕಟ್ಟಡದ ಸ್ವಂತ ತೂಕ ಬಿಟ್ಟು, ಜನ, ಸಾಮಾನಿನಂಥ ಮೇಲಿನ ಭಾರ) ಚದರ ಮೀಟರಿಗೆ ಸುಮಾರು 150 ಕಿಲೋ. ನೆನೆದ ಮಣ್ಣು ಘನ ಮೀಟರಿಗೆ 1,700 ಕಿಲೋ ಆಸುಪಾಸು ತೂಗುತ್ತದೆ. ಅಂದರೆ ಬರೀ ಅರ್ಧ ಅಡಿ ದಪ್ಪ ಮಣ್ಣು ಹರಡಿದರೂ ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಆದ್ದರಿಂದ ತಾರಸಿಯಿಡೀ ಮಣ್ಣು ಹಾಸುವ ಮಾತನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಮೇಲೆಯೇ ಆಡಿ. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಸ್ವಲ್ಪವೇ ಮಣ್ಣು ಬೆರೆಸಿದ ಹಗುರ ಮಿಶ್ರಣವನ್ನು ದೊಡ್ಡ ಚೀಲಗಳಲ್ಲಿ ತುಂಬಿ, ತೊಲೆ ಮತ್ತು ಗೋಡೆಗಳ ನೇರಕ್ಕೆ ಇಡುವುದು ಸುರಕ್ಷಿತ. ಗಾಳಿ ಜೋರಿರುವುದರಿಂದ ಬಿದಿರಿನ ಚಪ್ಪರವೊಂದು ಬೇಕಾಗುತ್ತದೆ. ಅದಕ್ಕೆ ಅವರೆ, ಬಸಳೆ, ಮಲ್ಲಿಗೆ ಹಬ್ಬಿಸಿ. ಜಲನಿರೋಧಕ ಲೇಪನ ಸರಿಯಿದೆಯೇ ಎಂದು ಒಂದು ಮಳೆಗಾಲ ನೋಡಿ ನಂತರ ಶುರುಮಾಡಿ.

ಮಲೆನಾಡು, ಕರಾವಳಿ

ಇಲ್ಲಿ ಸಮಸ್ಯೆ ತಲೆಕೆಳಗು: ನಾಲ್ಕು ತಿಂಗಳು ನೀರನ್ನು ಹೊರಗೆ ಕಳಿಸಬೇಕು, ಜನವರಿಯಿಂದ ಮೇವರೆಗೆ ಉಳಿಸಬೇಕು. ಮನೆಯ ಹಿಂದಿನ ಕಡಿದಾದ ಧರೆ ಜರಿಯದಂತೆ ಲಾವಂಚವನ್ನು ಅಡ್ಡಸಾಲಿನಲ್ಲಿ ನೆಡಿ. ಅದರ ಬೇರು ಅಡ್ಡಕ್ಕಿಂತ ಆಳಕ್ಕೆ ಇಳಿಯುತ್ತದೆ. ನಡುವಿನ ಜಾಗವನ್ನು ಜರೀಗಿಡಗಳು ತಾವೇ ತುಂಬಿಕೊಳ್ಳುತ್ತವೆ, ಕಳೆಯೆಂದು ಕೀಳದಿದ್ದರೆ ಸಾಕು. ಅಂಗಳವನ್ನು ಬಯಲಾಗಿಯೇ ಬಿಡಿ. ಅಡಿಕೆ ಒಣಗಿಸಲು ಮಾತ್ರವಲ್ಲ, ಸುತ್ತಲಿನ ದಟ್ಟ ಹಸಿರಿಗೆ ಎದುರಾಗಿ ಆ ಬಯಲು ಬೇಕು. ಅಂಗಳದ ಅಂಚಿಗೆ ಮಳೆಗಾಲದ ಡೇರೆ ಹೂವು (ಡೇಲಿಯಾ), ಕರ್ಣಕುಂಡಲ, ದಾಸವಾಳ. ಹಿತ್ತಿಲಿಗೆ ಮುರುಗಲು, ಬಿಂಬುಳಿ. ಹಳೆಯ ಮರದ ಕೊಂಬೆಗೆ ಸೀತಾಳೆ ದಂಡೆ ಕಟ್ಟಬಹುದು, ಆದರೆ ಕಾಡಿನಿಂದ ಕಿತ್ತು ತಂದದ್ದಲ್ಲ, ಗಾಳಿಗೆ ಮುರಿದು ಬಿದ್ದ ಕೊಂಬೆಯ ಮೇಲಿದ್ದದ್ದು. ಓಡಾಡುವ ದಾರಿಯ ಇಕ್ಕೆಲಗಳಲ್ಲಿ ಹುಲ್ಲು ಕತ್ತರಿಸಿಡಿ, ಇಂಬಳದ ಕಾಟ ಕಡಿಮೆ.

ಎರೆಮಣ್ಣಿನ ಊರುಗಳು

ವಿಜಯಪುರ, ಕಲಬುರಗಿಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಗೋಡೆಗೆ ತಾಗಿ ಪಾತಿ ಮಾಡಿ ದಿನವೂ ನೀರು ಹಾಕಿದರೆ ಅಡಿಪಾಯದ ಒಂದು ಬದಿ ಮಾತ್ರ ಉಬ್ಬಿ ಗೋಡೆ ಸೀಳಬಹುದು. ತೋಟ ಗೋಡೆಯಿಂದ ದೂರವಿರಲಿ. ಬೇವಿನ ನೆರಳು, ಅದರಾಚೆ ಸೀತಾಫಲ, ಲಕ್ಕಿ, ಹಳದಿ ಹೂವಿನ ತಂಗಡಿ, ಕಲ್ಲುಗಳ ನಡುವೆ ಲೋಳೆಸರ. ಸುಟ್ಟ, ಆದರೆ ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ ಅದು ಬೇರಿಗೆ ನಿಧಾನವಾಗಿ ಜಿನುಗುತ್ತದೆ. ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಪೈಪಿನಿಂದ ಹಾಯಿಸುವುದಕ್ಕಿಂತ ಇದು ಎಷ್ಟೋ ಮೇಲು.

ಯಾರಿಗಾಗಿ ತೋಟ?

ಪುಟ್ಟ ಮಕ್ಕಳಿದ್ದರೆ ಕಣಗಿಲೆ, ಉಮ್ಮತ್ತಿ, ಅಗ್ನಿಶಿಖೆ, ಗುಲಗಂಜಿ ಬೇಡ; ಎಲ್ಲವೂ ವಿಷ. ವಯಸ್ಸಾದವರಿಗೆ ಬಗ್ಗದೆ ಕೈಯಾಡಿಸಲು ಎರಡು, ಎರಡೂವರೆ ಅಡಿ ಎತ್ತರದ ಕಟ್ಟೆಪಾತಿ, ಮೂರಡಿಗಿಂತ ಕಿರಿದಾಗದ ಒರಟು ಕಲ್ಲಿನ ದಾರಿ ಬೇಕು, ಗಾಲಿಕುರ್ಚಿಯಾದರೆ ನಾಲ್ಕಡಿ. ದಿನನಿತ್ಯದ ಪೂಜೆಗೆ ನಂದಿಬಟ್ಟಲು, ದಾಸವಾಳ ಸಾಕು. ಪಾರಿಜಾತದ ಕೆಳಗೆ ಮಾತ್ರ ಚಪ್ಪಡಿ ಹಾಸಿ, ಬೆಳಿಗ್ಗೆ ಉದುರಿದ ಹೂವನ್ನು ಆಯ್ದುಕೊಳ್ಳಬಹುದು.

ಚಿಟ್ಟೆ ಬೇಕಾದವರು ಹೂವಿಗಿಂತ ಎಲೆಯ ಬಗ್ಗೆ ಯೋಚಿಸಬೇಕು, ಮೊಟ್ಟೆಯಿಡುವುದು ಅಲ್ಲಿ. ನಿಂಬೆ ಮತ್ತು ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಕಾಮನ್ ಮಾರ್ಮನ್ ಅಥವಾ ನಿಂಬೆ ಚಿಟ್ಟೆಯ ಮರಿ. ಎಕ್ಕದ ಮೇಲೆ ಪ್ಲೇನ್ ಟೈಗರ್. ಈಶ್ವರಿ ಬಳ್ಳಿಯನ್ನು ಮಲೆನಾಡಿನಲ್ಲಿ ಹಬ್ಬಿಸಿದರೆ ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬರಬಹುದು, ಬಯಲುಸೀಮೆಯಲ್ಲಿ ಕ್ರಿಮ್ಸನ್ ರೋಸ್. ಎಲೆ ತೂತಾಯಿತೆಂದು ಔಷಧಿ ಹೊಡೆಯುವವರು ಚಿಟ್ಟೆಯ ಆಸೆ ಬಿಡಬೇಕು.

ಹಾವಿನ ಭಯ ಎಲ್ಲರ ಬಾಯಲ್ಲೂ ಬರುತ್ತದೆ. ಹಾವು ಬರುವುದು ಹೆಚ್ಚಾಗಿ ಇಲಿ, ಕಪ್ಪೆಯ ಹಿಂದೆ. ಜಾಗವಿದ್ದರೆ ಮನೆಯ ಸುತ್ತ ಮೂರಡಿ ಬಯಲು ಬಿಡಿ, ಸೌದೆ, ಇಟ್ಟಿಗೆ ರಾಶಿಯನ್ನು ಗೋಡೆಯ ಬಳಿ ಇಡಬೇಡಿ. ಸೊಳ್ಳೆಗೆ ನಿಂತ ನೀರು ವಾರದಷ್ಟು ಸಿಕ್ಕರೆ ಸಾಕು. ತಾವರೆಯ ತೊಟ್ಟಿಗೆ ಮೀನು ಬಿಡಲೇಬೇಕು.

ನೆಡುವುದು, ಕತ್ತರಿಸುವುದು

ಮೃಗಶಿರ ಮಳೆ ಹಿಡಿದ ಮೇಲೆ, ಜೂನ್ ಎರಡನೆಯ ವಾರದಿಂದ ನೆಡಿ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೊಂಗೆ, ಬೇವು, ನೆಲ್ಲಿಯಂಥವು ಅಗ್ಗಕ್ಕೆ ಸಿಗುತ್ತವೆ. ಬೆಂಗಳೂರಿನವರಿಗೆ ಲಾಲ್‌ಬಾಗಿನೊಳಗಿನ ನರ್ಸರಿ ಇದ್ದೇ ಇದೆ. ಆರಡಿ ಎತ್ತರದ ಗಿಡಕ್ಕೆ ಹಣ ಕೊಡುವುದು ಬೇಡ. ಚೀಲದೊಳಗೆ ಸುರುಳಿ ಸುತ್ತಿದ ಬೇರಿನ ಆ ಗಿಡಕ್ಕಿಂತ ಒಂದೂವರೆ ಅಡಿಯ ಸಸಿ ಬೇಗ ಬೇರೂರಿ ಮುಂದೆ ಹೋಗುತ್ತದೆ. ಸುರುಳಿ ಬೇರು ಕಂಡರೆ ಕತ್ತರಿಸಿಯೇ ನೆಡಿ. ಮೂರಂಗುಲ ದರಕು (ಒಣಗಿದ ಎಲೆ) ಹೊದಿಸಿ, ಕಾಂಡದಿಂದ ನಾಲ್ಕು ಬೆರಳು ದೂರ ಬಿಡಿ. ಉದುರಿದ ಎಲೆಯನ್ನು ಗುಡಿಸಿ ಸುಡುವ ಅಭ್ಯಾಸಕ್ಕೆ ಈ ತೋಟದಲ್ಲಿ ಜಾಗವಿಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಬಾರಿ ಆಳವಾಗಿ ನೀರು ಕೊಡಿ. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ.

ಬೆಳೆದ ಪೊದೆಯನ್ನು ದೊಡ್ಡ ಕತ್ತರಿಯಿಂದ ಚೆಂಡಿನಂತೆ, ಪೆಟ್ಟಿಗೆಯಂತೆ ಸವರಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಮಾಲಿಗೆ ಇದನ್ನು ಮೊದಲ ದಿನವೇ ಹೇಳಿ, ಮತ್ತೆ ಮತ್ತೆ ಹೇಳಿ. ಹೆಚ್ಚಾದ ಕೊಂಬೆಯನ್ನು ಬುಡದಿಂದ ಪೂರ್ತಿ ತೆಗೆಯಬೇಕು, ಉಳಿದವು ತಮ್ಮ ಉದ್ದಕ್ಕೆ ಬಾಗಲಿ. ಮೂರನೆಯ ವರ್ಷ ತೋಟ ಒತ್ತಾಗುತ್ತದೆ. ಆಗ ಪ್ರತಿ ಗುಂಪಿನಿಂದ ಒಂದೆರಡು ಪೊದೆಗಳನ್ನು, ದುರ್ಬಲವಾದದ್ದನ್ನಲ್ಲ, ನೆರಳನ್ನು ಹೆಚ್ಚು ಕವಿಸುತ್ತಿರುವುದನ್ನು, ಬೇರುಸಹಿತ ತೆಗೆಯಿರಿ. ಲಕ್ಕಿ, ಆಡುಸೋಗೆಯ ಕಡಿದ ಕಾಂಡಗಳನ್ನು ಮಳೆಗಾಲದಲ್ಲಿ ನೆಲಕ್ಕೆ ಚುಚ್ಚಿದರೆ ಚಿಗುರುತ್ತವೆ. ಪಕ್ಕದ ಮನೆಯವರು ಕೇಳಿದರೆ ಕೊಡಲು ಅಷ್ಟು ಸಾಕು.